ಕಾರಿನ ಹೆಡ್ ಗ್ಯಾಸ್ಕೆಟ್: ಮನೆಯಂಗಳದಲ್ಲೇ ಬದಲಿಸಬಹುದೇ?

ಶಿರಾಡಿ, ಚಾರ್ಮಾಡಿ ಅಥವಾ ಆಗುಂಬೆ ಘಾಟಿಯನ್ನು ಬೇಸಿಗೆಯ ಮಧ್ಯಾಹ್ನ ಏರಿದವರಿಗೆ ರಸ್ತೆಬದಿಯಲ್ಲಿ ಬಾನೆಟ್ ತೆರೆದುಕೊಂಡು ನಿಂತ ಹಳೆಯ ಕಾರುಗಳ ದೃಶ್ಯ ಅಪರಿಚಿತವೇನಲ್ಲ. ರೇಡಿಯೇಟರಿನಿಂದ ಆವಿ ಏಳುತ್ತಿರುತ್ತದೆ. ಮಾಲೀಕರು ನೀರಿನ ಬಾಟಲಿ ಹಿಡಿದು ಕಾಯುತ್ತಿರುತ್ತಾರೆ. ತಣಿದ ಮೇಲೆ ನೀರು ತುಂಬಿ ಪ್ರಯಾಣ ಮುಂದುವರಿಸಿದರೆ ಅಂದಿನ ತೊಂದರೆ ಮುಗಿದಂತೆಯೇ ತೋರುತ್ತದೆ. ಆದರೆ ಕೆಲವು ದಿನ ಕಳೆಯುವಷ್ಟರಲ್ಲಿ ಬೆಳಗಿನ ಹೊತ್ತು ಎಂಜಿನ್ ನಡುಗತೊಡಗುತ್ತದೆ, ಸೈಲೆನ್ಸರಿನಿಂದ ದಟ್ಟವಾದ ಬಿಳಿ ಹೊಗೆ ಬರುತ್ತದೆ, ಎಲ್ಲಿಯೂ ಸೋರದಿದ್ದರೂ ನೀರು ದಿನದಿನಕ್ಕೆ ಕಡಿಮೆಯಾಗುತ್ತದೆ. ಗ್ಯಾರೇಜಿಗೆ ಹೋದರೆ ಬಹುತೇಕ ಸಿಗುವ ಉತ್ತರ ಒಂದೇ: ಹೆಡ್ ಗ್ಯಾಸ್ಕೆಟ್ ಹೋಗಿದೆ.

ಮಾರುತಿ 800ರಂತಹ ಸಣ್ಣ ಕಾರಿಗೆ ಈ ಗ್ಯಾಸ್ಕೆಟ್‌ನ ಬೆಲೆ ಕೆಲವು ನೂರು ರೂಪಾಯಿ ಮಾತ್ರ. ಆದರೆ ಅದನ್ನು ತೆಗೆದು ಹೊಸದನ್ನು ಕೂರಿಸಲು ಎಂಜಿನ್ನಿನ ಮೇಲ್ಭಾಗವನ್ನೇ ಬಿಚ್ಚಬೇಕಾದ್ದರಿಂದ ಗ್ಯಾರೇಜಿನ ಬಿಲ್ಲು ಹಲವು ಸಾವಿರಕ್ಕೆ ಏರುತ್ತದೆ. ಹಳೆಯ ಕಾರು ಮಾರಿದರೆ ಬರುವ ಹಣಕ್ಕೆ ಹೋಲಿಸಿದಲ್ಲಿ ಇದು ಸಣ್ಣ ಮೊತ್ತವಲ್ಲ. ಮೇಲಾಗಿ, 15 ವರ್ಷ ಮೀರಿದ ಕಾರುಗಳ ನೋಂದಣಿ ನವೀಕರಣ ಶುಲ್ಕವನ್ನು ಕೇಂದ್ರ ಸರ್ಕಾರ 2022ರ ಏಪ್ರಿಲ್‌ನಿಂದ 600 ರೂಪಾಯಿಯಿಂದ 5,000 ರೂಪಾಯಿಗೆ ಏರಿಸಿತು. 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದ ಕಾರುಗಳಿಗೆ 10,000 ರೂಪಾಯಿ ನಿಗದಿಪಡಿಸಿತು. ಹಳೆಯ ಕಾರನ್ನು ಉಳಿಸಿಕೊಳ್ಳಬೇಕೇ, ಗುಜರಿಗೆ ಹಾಕಬೇಕೇ ಎಂಬ ಪ್ರಶ್ನೆ ಅನೇಕ ಮನೆಗಳಲ್ಲಿ ಏಳುವುದೇ ಇಂತಹ ಒಂದು ದೊಡ್ಡ ರಿಪೇರಿ ಎದುರಾದಾಗ. ಆಗ 'ಈ ಕೆಲಸವನ್ನು ನಾವೇ ಮಾಡಿಕೊಂಡರೆ ಹೇಗೆ?' ಎಂಬ ಯೋಚನೆ ಬರುವುದು ಸಹಜ.

ಸರಳ ಎಂಜಿನ್ನಿನ ಹಳೆಯ ಕಾರಾದರೆ, ಸ್ಪ್ಯಾನರ್ ಹಿಡಿದು ಸ್ವಲ್ಪ ಅಭ್ಯಾಸವಿರುವವರು ಮಾಡಬಹುದಾದ ಕೆಲಸವೇ ಇದು. ಬಿಚ್ಚುವುದು, ಜೋಡಿಸುವುದು ತಾಳ್ಮೆಯ ಮಾತು. ಇವೆರಡರ ನಡುವೆ ನಡೆಯಬೇಕಾದ ಅಳತೆಯ ಕೆಲಸವೊಂದಿದೆ. ಬಹಳಷ್ಟು ರಿಪೇರಿಗಳು ಸೋಲುವುದು ಅಲ್ಲಿಯೇ. ಹೆಡ್ ಸಮತಟ್ಟಾಗಿದೆಯೇ ಎಂದು ನೋಡದೆ, ಎಂಜಿನ್ ಏಕೆ ಕಾದಿತು ಎಂದು ಹುಡುಕದೆ ಕೂರಿಸಿದ ಹೊಸ ಗ್ಯಾಸ್ಕೆಟ್ ಕೆಲವೇ ತಿಂಗಳುಗಳಲ್ಲಿ ಮತ್ತೆ ಹೋಗುವ ಸಾಧ್ಯತೆಯೇ ಹೆಚ್ಚು.

ಏನಿದು ಗ್ಯಾಸ್ಕೆಟ್?

ಕಾರಿನ ಎಂಜಿನ್ ಮುಖ್ಯವಾಗಿ ಎರಡು ಭಾಗಗಳ ಜೋಡಣೆ. ಪಿಸ್ಟನ್‌ಗಳು ಮೇಲೆ ಕೆಳಗೆ ಓಡಾಡುವ ಕೆಳಭಾಗಕ್ಕೆ ಬ್ಲಾಕ್ ಎಂದೂ, ವಾಲ್ವ್‌ಗಳನ್ನು ಹೊತ್ತ ಮೇಲ್ಭಾಗಕ್ಕೆ ಸಿಲಿಂಡರ್ ಹೆಡ್ ಎಂದೂ ಹೆಸರು. ಇವೆರಡರ ನಡುವೆ ಹಾಳೆಯಂತೆ ಕೂರುವುದೇ ಹೆಡ್ ಗ್ಯಾಸ್ಕೆಟ್. ಅದರ ಹೊಣೆ ಮಾತ್ರ ದೊಡ್ಡದು. ಪೆಟ್ರೋಲ್ ಉರಿಯುವ ಕ್ಷಣದಲ್ಲಿ ಸಿಲಿಂಡರಿನೊಳಗೆ ಅನಿಲದ ಉಷ್ಣತೆ 2,000 ಡಿಗ್ರಿ ಸೆಲ್ಸಿಯಸ್ ಮೀರುತ್ತದೆ. ಒತ್ತಡ ಹೊರಗಿನ ಗಾಳಿಯ ಒತ್ತಡದ ಹತ್ತಾರು ಪಟ್ಟು ಏರುತ್ತದೆ. ಕೆಲವೇ ಮಿಲಿಮೀಟರ್ ಆಚೆಗೆ ತಣಿಸುವ ನೀರಿನ ದಾರಿಯಿದೆ, ಇನ್ನೊಂದೆಡೆ ಆಯಿಲ್ ಏರುವ ದಾರಿಯಿದೆ. ಬೆಂಕಿ, ನೀರು, ಎಣ್ಣೆ ಈ ಮೂರೂ ಒಂದಕ್ಕೊಂದು ಬೆರೆಯದಂತೆ ತಡೆಯುವುದು ಈ ತೆಳು ಹಾಳೆಯೇ.

ಹಿಂದೆ ಈ ಗ್ಯಾಸ್ಕೆಟ್‌ಗಳಲ್ಲಿ ಆಸ್ಬೆಸ್ಟಾಸ್ ಬಳಕೆಯಾಗುತ್ತಿತ್ತು. ನಂತರ ಗ್ರಾಫೈಟ್ ಮುಂತಾದ ವಸ್ತುಗಳು ಬಂದವು. ಇತ್ತೀಚಿನ ಎಂಜಿನ್‌ಗಳಲ್ಲಿ ಉಕ್ಕಿನ ತೆಳು ತಗಡುಗಳನ್ನು ಪದರಪದರವಾಗಿ ಜೋಡಿಸಿದ ಗ್ಯಾಸ್ಕೆಟ್‌ಗಳು ಸಾಮಾನ್ಯ. ಬಹಳ ಹಳೆಯ ಕಾರಿನ ಮೂಲ ಗ್ಯಾಸ್ಕೆಟ್ ತೆಗೆಯುವವರು ಅದರಲ್ಲಿ ಆಸ್ಬೆಸ್ಟಾಸ್ ಇರಬಹುದೆಂದೇ ಭಾವಿಸಿ, ಒಣಗಿದ ಸ್ಥಿತಿಯಲ್ಲಿ ಕೆರೆದು ಧೂಳೆಬ್ಬಿಸದೆ ಒದ್ದೆ ಮಾಡಿ ತೆಗೆಯುವುದು ಶ್ವಾಸಕೋಶಕ್ಕೆ ಕ್ಷೇಮ.

ಕಾಯುವುದು ಏಕೆ?

ಗ್ಯಾಸ್ಕೆಟ್ ತಾನಾಗಿ ಸವೆದು ಹೋಗುವುದುಂಟು. ಆದರೆ ಹೆಚ್ಚಿನ ಸಂದರ್ಭಗಳಲ್ಲಿ ಅದು ಬಲಿಪಶು. ಅಪರಾಧಿ ಬೇರೆಲ್ಲೋ ಇರುತ್ತದೆ. ಹಳೆಯ ಅನೇಕ ಕಾರುಗಳಲ್ಲಿ ಬ್ಲಾಕ್ ಎರಕದ ಕಬ್ಬಿಣದ್ದು, ಹೆಡ್ ಅಲ್ಯೂಮಿನಿಯಂನದು. ಕಾದಾಗ ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. 30 ಸೆಂಟಿಮೀಟರ್ ಉದ್ದದ ಹೆಡ್ 20 ಡಿಗ್ರಿಯಿಂದ 90 ಡಿಗ್ರಿಗೆ ಏರಿದರೆ ಸುಮಾರು ಅರ್ಧ ಮಿಲಿಮೀಟರ್ ಉದ್ದವಾಗುತ್ತದೆ. ಅದೇ ಉದ್ದದ ಕಬ್ಬಿಣ ಅದರ ಅರ್ಧದಷ್ಟು ಮಾತ್ರ. ಪ್ರತಿ ಬಾರಿ ಎಂಜಿನ್ ಕಾದು ತಣಿದಾಗಲೂ ಈ ಎಳೆದಾಟವನ್ನು ನಡುವಿನ ಗ್ಯಾಸ್ಕೆಟ್ ಸಹಿಸಿಕೊಳ್ಳುತ್ತದೆ. ಮಿತಿ ಮೀರಿ ಕಾದರೆ ಬೋಲ್ಟ್‌ಗಳ ಹಿಡಿತದಲ್ಲಿ ಸಿಕ್ಕಿಕೊಂಡ ಹೆಡ್ ಹಿಗ್ಗಲು ಜಾಗವಿಲ್ಲದೆ ಬಾಗುತ್ತದೆ, ತಣಿದ ಮೇಲೂ ಪೂರ್ತಿ ನೇರವಾಗುವುದಿಲ್ಲ.

ನೀರು 100 ಡಿಗ್ರಿಗೆ ಕುದಿಯುತ್ತದೆ ಎಂದು ಶಾಲೆಯಲ್ಲಿ ಓದಿದ್ದೇವೆ. ಸಮುದ್ರ ಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಕಾರಿನ ರೇಡಿಯೇಟರ್ ಮುಚ್ಚಳದಲ್ಲಿರುವ ಸ್ಪ್ರಿಂಗ್ ಒಳಗಿನ ಒತ್ತಡವನ್ನು ಹಿಡಿದಿಟ್ಟು ಈ ಕುದಿಬಿಂದುವನ್ನು 115 ಡಿಗ್ರಿಗೂ ಮೇಲಕ್ಕೆ ಒಯ್ಯುತ್ತದೆ. ಮುಚ್ಚಳದ ರಬ್ಬರ್ ಒಣಗಿ ಒತ್ತಡ ಸೋರಿದರೆ ಆ ರಕ್ಷಣೆ ಇಲ್ಲವಾಗುತ್ತದೆ. ಅಗ್ಗದ ಈ ಮುಚ್ಚಳವನ್ನು ಪರೀಕ್ಷಿಸುವವರು ಎಷ್ಟು ಮಂದಿ?

ನಮ್ಮ ರಾಜ್ಯದ ಮಟ್ಟಿಗೆ ಇನ್ನೆರಡು ಕಾರಣಗಳನ್ನು ಒತ್ತಿ ಹೇಳಬೇಕು. ಮೊದಲನೆಯದು ಬೋರ್‌ವೆಲ್ ನೀರು. ಬೆಂಗಳೂರು, ಕೋಲಾರ ಸೇರಿದಂತೆ ಬಯಲುಸೀಮೆಯ ಹಲವೆಡೆ ಕೊಳವೆಬಾವಿಯ ನೀರು ಗಡಸು. ಮನೆಯ ಗೀಸರಿನ ಕಾಯಿಲ್ ಮೇಲೆ ಕಟ್ಟುವ ಬಿಳಿಯ ಹಕ್ಕಳೆಯೇ ರೇಡಿಯೇಟರಿನ ಸಣ್ಣ ಕೊಳವೆಗಳೊಳಗೂ ಕಟ್ಟುತ್ತದೆ. ಕೂಲಂಟ್ ಬದಲು ನಲ್ಲಿ ನೀರು ತುಂಬುತ್ತಾ ಬಂದ ಕಾರುಗಳಲ್ಲಿ ರೇಡಿಯೇಟರ್ ಅರ್ಧ ಮುಚ್ಚಿಹೋಗಿದ್ದರೂ ಊರೊಳಗಿನ ಓಡಾಟದಲ್ಲಿ ಅದು ಗೊತ್ತಾಗುವುದಿಲ್ಲ. ನಾಲ್ಕು ಜನ, ಸಾಮಾನು, ಎರಡನೇ ಗೇರಿನಲ್ಲಿ ಘಾಟಿ ಏರುವ ಹೊತ್ತಿಗೆ ಗೊತ್ತಾಗುತ್ತದೆ.

ಎರಡನೆಯದು ಥರ್ಮೋಸ್ಟಾಟ್ ಕಿತ್ತೆಸೆಯುವ ಪದ್ಧತಿ. ಎಂಜಿನ್ ತಕ್ಕಷ್ಟು ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವ ಈ ಸಣ್ಣ ಭಾಗ ಕೆಟ್ಟಾಗ ಹೊಸದನ್ನು ಹಾಕದೆ ಅದನ್ನು ಖಾಲಿ ಬಿಡುವ ರೂಢಿ ಅನೇಕ ಗ್ಯಾರೇಜುಗಳಲ್ಲಿದೆ. 'ಇದು ಚಳಿ ದೇಶದವರಿಗೆ, ನಮಗೆ ಬೇಕಿಲ್ಲ' ಎಂಬುದು ಅದಕ್ಕೆ ಕೊಡುವ ಸಮಾಧಾನ. ಥರ್ಮೋಸ್ಟಾಟ್ ಇಲ್ಲದ ಎಂಜಿನ್ ಸರಿಯಾದ ಉಷ್ಣತೆಗೆ ಬರಲು ತಡವಾಗುತ್ತದೆ, ಇಂಧನ ಹೆಚ್ಚು ಕುಡಿಯುತ್ತದೆ, ಬೇಗ ಸವೆಯುತ್ತದೆ. ಅದಕ್ಕಿಂತ ಹೆಚ್ಚಾಗಿ, ಮೂಲ ದೋಷ ಏನೆಂಬುದು ಅಲ್ಲಿಗೆ ಮುಚ್ಚಿಹೋಗುತ್ತದೆ.

ಇವಲ್ಲದೆ ನೀರಿನ ಪಂಪ್ ಸೋರುವುದು, ಫ್ಯಾನ್ ಚಾಲೂ ಮಾಡುವ ಸ್ವಿಚ್ ಕೆಡುವುದು, ಹೋಸ್ ಪೈಪ್ ಬಿರಿಯುವುದು ಮಾಮೂಲು ಕಾರಣಗಳು.

ಲಕ್ಷಣಗಳೇನು?

ಗ್ಯಾಸ್ಕೆಟ್ ಎಲ್ಲಿ ತೂತಾಗಿದೆ ಎಂಬುದರ ಮೇಲೆ ಲಕ್ಷಣ ಬದಲಾಗುತ್ತದೆ. ಸಿಲಿಂಡರಿಗೂ ನೀರಿನ ದಾರಿಗೂ ನಡುವೆ ತೂತಾದರೆ ನೀರು ಒಳಸೇರಿ ಆವಿಯಾಗಿ ಬಿಳಿ ಹೊಗೆಯ ರೂಪದಲ್ಲಿ ಹೊರಬರುತ್ತದೆ. ಮೆಕ್ಯಾನಿಕ್‌ಗಳ ಮಾತಿನಲ್ಲಿ ಗಾಡಿ 'ನೀರು ಕುಡಿಯುತ್ತದೆ'. ಕೂಲಂಟ್ ಹಾಕಿದ್ದರೆ ಹೊಗೆಗೆ ಸಿಹಿಯಾದ ವಾಸನೆಯಿರುತ್ತದೆ. ಅದೇ ತೂತಿನಿಂದ ಉರಿದ ಅನಿಲ ನೀರಿನೊಳಗೆ ನುಗ್ಗುವುದರಿಂದ, ತಣ್ಣಗಿದ್ದಾಗ ರೇಡಿಯೇಟರ್ ಮುಚ್ಚಳ ತೆಗೆದು ಎಂಜಿನ್ ಚಾಲೂ ಮಾಡಿದರೆ ನೀರಿನಲ್ಲಿ ಗುಳ್ಳೆಗಳು ಎಡೆಬಿಡದೆ ಏಳುತ್ತವೆ. ಆಯಿಲ್‌ಗೆ ನೀರು ಸೇರಿದರೆ ಡಿಪ್‌ಸ್ಟಿಕ್ ಮೇಲೆ ಹಾಲು ಬೆರೆಸಿದ ಕಾಫಿಯ ಬಣ್ಣದ ಗಟ್ಟಿ ದ್ರವ ಕಾಣುತ್ತದೆ. ಹೀಗಾದ ಕಾರನ್ನು ಒಂದು ಕಿಲೋಮೀಟರ್ ಕೂಡ ಓಡಿಸಬಾರದು, ಬೇರಿಂಗ್‌ಗಳು ಹಾಳಾಗುತ್ತವೆ. ಅಕ್ಕಪಕ್ಕದ ಎರಡು ಸಿಲಿಂಡರುಗಳ ನಡುವೆ ಸುಟ್ಟರೆ ಹೊಗೆಯೂ ಇಲ್ಲ, ನೀರೂ ಕಡಿಮೆಯಾಗದು. ಶಕ್ತಿ ಮಾತ್ರ ಉಡುಗುತ್ತದೆ. ಮೂರೇ ಸಿಲಿಂಡರಿನ ಮಾರುತಿ 800ರಲ್ಲಿ ಹೀಗಾದರೆ ಇಡೀ ಕಾರೇ ನಡುಗುತ್ತದೆ.

ಇಲ್ಲೊಂದು ಎಚ್ಚರಿಕೆ ಅಗತ್ಯ. ಡಿಸೆಂಬರ್ ಬೆಳಗಿನಲ್ಲಿ ಮಡಿಕೇರಿಯಲ್ಲೋ ಚಿಕ್ಕಮಗಳೂರಿನಲ್ಲೋ ಯಾವ ಕಾರಿನ ಸೈಲೆನ್ಸರಿನಿಂದಲೂ ಬಿಳಿ ಆವಿ ಬರುತ್ತದೆ. ಎಂಜಿನ್ ಬಿಸಿಯಾದ ಮೇಲೂ ನಿಲ್ಲದಿದ್ದರೆ ಮಾತ್ರ ಅನುಮಾನಿಸಬೇಕು. ನೀಲಿ ಹೊಗೆ ಆಯಿಲ್ ಉರಿಯುವುದರ ಸೂಚನೆ, ಅದಕ್ಕೂ ಇದಕ್ಕೂ ಸಾಮಾನ್ಯವಾಗಿ ಸಂಬಂಧವಿಲ್ಲ. ದಿನಕ್ಕೆ ಎರಡು ಕಿಲೋಮೀಟರ್ ಮಾತ್ರ ಓಡುವ ಕಾರಿನ ಆಯಿಲ್ ಮುಚ್ಚಳದ ಕೆಳಗೆ ಕಾಣುವ ತೆಳು ಬಿಳಿ ನೊರೆಯೂ ಕೇವಲ ತೇವಾಂಶದ್ದಿರಬಹುದು. ಎರಡು ದಿನದ ಕೆಲಸಕ್ಕೆ ಕೈಹಾಕುವ ಮೊದಲು ಖಚಿತಪಡಿಸಿಕೊಳ್ಳುವುದು ಜಾಣತನ. ಸ್ಪಾರ್ಕ್ ಪ್ಲಗ್ ಬಿಚ್ಚಿ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ಬಹುತೇಕ ಗ್ಯಾರೇಜುಗಳಲ್ಲಿರುತ್ತದೆ. ರೇಡಿಯೇಟರ್ ಬಾಯಿಯಲ್ಲಿ ಹಿಡಿದು, ಉರಿದ ಅನಿಲವಿದ್ದರೆ ನೀಲಿಯಿಂದ ಹಳದಿಗೆ ತಿರುಗುವ ರಾಸಾಯನಿಕದ ಪರೀಕ್ಷೆಯೂ ಇದೆ.

ಯಾವ ಕಾರು, ಯಾವ ಜಾಗ?

1983ರ ಡಿಸೆಂಬರಿನಲ್ಲಿ ಮಾರುಕಟ್ಟೆಗೆ ಬಂದು 2014ರ ಜನವರಿಯಲ್ಲಿ ತಯಾರಿಕೆ ನಿಂತ ಮಾರುತಿ 800 ದೇಶದಲ್ಲಿ 25 ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ಅದರ 796 ಸಿ.ಸಿ. ಎಂಜಿನ್ ಮನೆಯಲ್ಲಿ ಕಲಿಯಲು ಹೇಳಿ ಮಾಡಿಸಿದಂತಿದೆ: ಒಂದೇ ಕ್ಯಾಮ್‌ಶಾಫ್ಟ್, ಒಂದು ಟೈಮಿಂಗ್ ಬೆಲ್ಟ್, ಒಬ್ಬರೇ ಎತ್ತಬಹುದಾದ ಹೆಡ್. ಬಿಡಿಭಾಗಗಳು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಷ್ಟೇ ಅಲ್ಲ, ಹೆಚ್ಚುಕಡಿಮೆ ಪ್ರತಿ ಜಿಲ್ಲಾ ಕೇಂದ್ರದಲ್ಲಿಯೂ ದೊರೆಯುತ್ತವೆ. ಅದೇ ಗಾತ್ರದ ಎಂಜಿನ್ ಹೊತ್ತ ಓಮ್ನಿಯಲ್ಲಿ ಎಂಜಿನ್ ಮುಂದಿನ ಸೀಟಿನ ಕೆಳಗಿರುವುದರಿಂದ ಕೈಯಾಡಿಸಲು ಜಾಗ ಸಾಲದು.

ಡೀಸೆಲ್ ಕಾರುಗಳ ವಿಚಾರ ಬೇರೆ. ಅವುಗಳಲ್ಲಿ ಹಲವಕ್ಕೆ ಒಂದೇ ಎಂಜಿನ್ನಿಗೆ ಬೇರೆ ಬೇರೆ ದಪ್ಪದ ಗ್ಯಾಸ್ಕೆಟ್‌ಗಳಿದ್ದು, ಅಂಚಿನ ಕಚ್ಚು ಅಥವಾ ತೂತುಗಳ ಎಣಿಕೆಯಿಂದ ಗುರುತಿಸಬೇಕಾಗುತ್ತದೆ. ಪಿಸ್ಟನ್ ಎಷ್ಟು ಮೇಲೆದ್ದು ನಿಲ್ಲುತ್ತದೆ ಎಂದು ಅಳೆದು ಆರಿಸಬೇಕು. ಟರ್ಬೊ ಇರುವ, ಎರಡು ಕ್ಯಾಮ್‌ಶಾಫ್ಟ್‌ನ ಹೊಸ ಪೆಟ್ರೋಲ್ ಕಾರುಗಳೂ ಮನೆಯಂಗಳದ ಕೆಲಸಕ್ಕೆ ತಕ್ಕವಲ್ಲ ಎಂಬುದು ಈ ಲೇಖಕನ ಅಭಿಪ್ರಾಯ. ವಾರಂಟಿ ಇರುವ ಕಾರನ್ನಂತೂ ಮುಟ್ಟಲೇಬಾರದು.

ಸಲಕರಣೆಗಳಲ್ಲಿ ಸ್ಪ್ಯಾನರ್, ಸಾಕೆಟ್ ಸೆಟ್‌ಗಳ ಜೊತೆಗೆ ಎರಡು ವಸ್ತುಗಳು ಕಡ್ಡಾಯ: ಟಾರ್ಕ್ ರೆಂಚ್ ಮತ್ತು ಫೀಲರ್ ಗೇಜ್. ಇವಿಲ್ಲದೆ ಶುರು ಮಾಡುವುದಕ್ಕಿಂತ ಶುರು ಮಾಡದಿರುವುದೇ ಲೇಸು. ಆ ಮಾದರಿಯ ಸರ್ವಿಸ್ ಕೈಪಿಡಿಯನ್ನು ಮೊದಲೇ ದೊರಕಿಸಿಕೊಳ್ಳಬೇಕು. ನೆರಳಿರುವ, ಸಮತಟ್ಟಾದ, ಎರಡು ದಿನ ಕಾರು ಕದಲಿಸಬೇಕಿಲ್ಲದ ಜಾಗ ಬೇಕು. ಅಪಾರ್ಟ್‌ಮೆಂಟ್ ನೆಲಮಾಳಿಗೆಯಲ್ಲಿ ಪೆಟ್ರೋಲ್ ಪೈಪ್ ಬಿಚ್ಚುವ ಸಾಹಸ ಬೇಡ. ಪೆಟ್ರೋಲ್ ಆವಿ ಗಾಳಿಗಿಂತ ಭಾರವಾದ್ದರಿಂದ ನೆಲಮಟ್ಟದಲ್ಲಿಯೇ ನಿಲ್ಲುತ್ತದೆ.

ಬಿಚ್ಚುವ ಹಂತ

ಎಂಜಿನ್ ರಾತ್ರಿಯಿಡೀ ತಣಿದಿರಬೇಕು. ಬಿಸಿ ಹೆಡ್ಡಿನ ಬೋಲ್ಟ್ ಸಡಿಲಿಸಿದರೆ ನೇರವಾಗಿದ್ದ ಹೆಡ್ಡೂ ಬಾಗುವ ಅಪಾಯವಿದೆ. ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ತೆಗೆದು, ಕೂಲಂಟ್ ಅನ್ನು ಬಕೆಟ್ಟಿಗೆ ಇಳಿಸಬೇಕು. ಎಂಪಿಎಫ್‌ಐ ಕಾರುಗಳಲ್ಲಿ ಪೆಟ್ರೋಲ್ ಪೈಪಿನೊಳಗೆ ಒತ್ತಡವಿರುತ್ತದೆ. ಕೈಪಿಡಿಯಲ್ಲಿ ಹೇಳಿದಂತೆ ಅದನ್ನು ಇಳಿಸದೆ ಪೈಪ್ ಕೀಳಬಾರದು.

ನಂತರ ಏರ್ ಫಿಲ್ಟರ್, ಹೋಸ್‌ಗಳು, ವೈರುಗಳು, ಪ್ಲಗ್ ಕೇಬಲ್‌ಗಳು ಒಂದೊಂದಾಗಿ ಹೊರಬರುತ್ತವೆ. ಪ್ರತಿಯೊಂದಕ್ಕೂ ಬಿಳಿ ಟೇಪ್ ಅಂಟಿಸಿ ಸಂಖ್ಯೆ ಬರೆಯುವುದು, ಪ್ರತಿ ಹಂತದಲ್ಲಿ ಮೊಬೈಲಿನಿಂದ ಚಿತ್ರ ತೆಗೆಯುವುದು ಮರೆಯಬಾರದು. ಬಿಚ್ಚಿದ ಬೋಲ್ಟ್‌ಗಳನ್ನು ಎಲ್ಲಾ ಒಂದೇ ಡಬ್ಬಿಗೆ ಸುರಿಯದೆ, ರಟ್ಟಿನ ಮೇಲೆ ಎಂಜಿನ್ನಿನ ನಕ್ಷೆ ಬರೆದು ಅದೇ ಜಾಗದಲ್ಲಿ ಚುಚ್ಚಿಟ್ಟರೆ ಮರುದಿನ ಗಂಟೆಗಟ್ಟಲೆ ಸಮಯ ಉಳಿಯುತ್ತದೆ. ಸೈಲೆನ್ಸರ್ ಪೈಪ್ ಬಿಚ್ಚಲು ಕಾರಿನಡಿ ಹೋಗಬೇಕಾದರೆ ಜ್ಯಾಕ್ ಒಂದನ್ನೇ ನಂಬದೆ ಗಟ್ಟಿ ಸ್ಟ್ಯಾಂಡ್ ಕೊಡಬೇಕು.

ಟೈಮಿಂಗ್ ಬೆಲ್ಟ್ ತೆಗೆಯುವ ಮುನ್ನ ಮೊದಲ ಪಿಸ್ಟನ್ ಮೇಲ್ತುದಿಗೆ ಬರುವಂತೆ ಕ್ರ್ಯಾಂಕ್‌ಶಾಫ್ಟ್ ತಿರುಗಿಸಿ, ಚಕ್ರಗಳ ಮೇಲಿನ ಗುರುತುಗಳು ಕೂಡಿರುವುದನ್ನು ನೋಡಿಕೊಳ್ಳಬೇಕು. ಬೆಲ್ಟ್ ಕಳಚಿದ ಮೇಲೆ ಯಾವುದನ್ನೂ ತಿರುಗಿಸಬಾರದು.

ಹೆಡ್ ಬೋಲ್ಟ್‌ಗಳನ್ನು ಎರಡು ತುದಿಗಳಿಂದ ಆರಂಭಿಸಿ ನಡುವಿನ ಕಡೆಗೆ, ಪ್ರತಿಯೊಂದನ್ನೂ ಸ್ವಲ್ಪ ಸ್ವಲ್ಪವಾಗಿ ಸಡಿಲಿಸಬೇಕು. ಎಲ್ಲ ಬೋಲ್ಟ್ ತೆಗೆದರೂ ಹೆಡ್ ಕೆಲವೊಮ್ಮೆ ಅಂಟಿಕೊಂಡೇ ಇರುತ್ತದೆ. ಆಗ ಸಂದಿಗೆ ಸ್ಕ್ರೂಡ್ರೈವರ್ ತೂರಿಸಿ ಮೀಟುವುದು ಮಹಾಪರಾಧ. ಮೆತ್ತಗಿನ ಅಲ್ಯೂಮಿನಿಯಂ ಮೇಲೆ ಬಿದ್ದ ಒಂದು ಗೀರಿನಿಂದಲೇ ಮುಂದೆ ಸೋರಿಕೆ ಆರಂಭವಾಗುತ್ತದೆ. ಮರದ ತುಂಡಿಟ್ಟು ಪಕ್ಕದಿಂದ ಮೆಲ್ಲಗೆ ತಟ್ಟಿದರೆ ಬಿಡುತ್ತದೆ. ಹೊರಬಂದ ಹೆಡ್ ಅನ್ನು ಮುಖ ಕೆಳಗಾಗಿ ನೆಲಕ್ಕಿಡದೆ ಮರದ ತುಂಡುಗಳ ಮೇಲಿಡಬೇಕು.

ಅಳತೆಯೇ ಜೀವಾಳ

ತೆಗೆದ ಗ್ಯಾಸ್ಕೆಟ್ ಅನ್ನು ಎಸೆಯುವ ಮೊದಲು ಓದಬೇಕು. ಎಲ್ಲಿ ಕಪ್ಪಾಗಿದೆ, ಎಲ್ಲಿ ಸುಟ್ಟು ಸಂದಿಯಾಗಿದೆ ಎಂಬುದು ರೋಗದ ಜಾಗವನ್ನು ತೋರಿಸುತ್ತದೆ. ಒಂದು ಸಿಲಿಂಡರಿನ ಪಿಸ್ಟನ್ ಉಳಿದವಕ್ಕಿಂತ ಉಜ್ಜಿ ತೊಳೆದಂತೆ ಹೊಳೆಯುತ್ತಿದ್ದರೆ ನೀರು ಅಲ್ಲಿಗೇ ಸೇರುತ್ತಿತ್ತು ಎಂದರ್ಥ. ಗ್ಯಾಸ್ಕೆಟ್ ಎಲ್ಲಿಯೂ ಸುಟ್ಟಿಲ್ಲ ಎಂದಾದರೆ ಹೆಡ್ ಬಾಗಿರುವ ಅಥವಾ ಬಿರುಕು ಬಿಟ್ಟಿರುವ ಸಾಧ್ಯತೆ ಹೆಚ್ಚು.

ಮುಂದಿನದು ಸ್ವಚ್ಛತೆ. ಹೆಡ್ ಮತ್ತು ಬ್ಲಾಕ್ ಮುಖಗಳಿಗೆ ಅಂಟಿದ ಹಳೆಯ ತುಣುಕುಗಳನ್ನು ಪ್ಲಾಸ್ಟಿಕ್ ಅಥವಾ ಮರದ ಕೆರೆಯುವ ಪಟ್ಟಿಯಿಂದ ತೆಗೆಯಬೇಕು. ಡ್ರಿಲ್ ಮೆಷಿನ್ನಿಗೆ ಉಪ್ಪುಕಾಗದದ ಚಕ್ರ ಸಿಕ್ಕಿಸಿ ಉಜ್ಜಿದರೆ ಐದು ನಿಮಿಷದಲ್ಲಿ ಬೆಳ್ಳಗಾಗುವುದೇನೋ ನಿಜ. ಆದರೆ ಕಣ್ಣಿಗೆ ಕಾಣದ ತಗ್ಗುಗಳು ಬೀಳುತ್ತವೆ, ಉದುರಿದ ಪುಡಿ ಆಯಿಲ್ ದಾರಿ ಸೇರಿ ಬೇರಿಂಗ್ ತಿನ್ನುತ್ತದೆ. ಸಿಲಿಂಡರುಗಳಿಗೂ ರಂಧ್ರಗಳಿಗೂ ಬಟ್ಟೆ ತುರುಕಿ ಮುಚ್ಚಿಯೇ ಬ್ಲಾಕ್ ಕೆರೆಯಬೇಕು.

ಈಗ ಅಳತೆ. ನಿಖರವಾಗಿ ನೇರವಿರುವ ಉಕ್ಕಿನ ಪಟ್ಟಿಯನ್ನು, ಅಂದರೆ ಸ್ಟ್ರೈಟ್ ಎಡ್ಜನ್ನು, ಹೆಡ್ಡಿನ ಮುಖದ ಮೇಲೆ ಅಂಚಿನಲ್ಲಿ ನಿಲ್ಲಿಸಿ, ಅದರ ಕೆಳಗೆ ಫೀಲರ್ ಗೇಜಿನ ತೆಳು ತಗಡನ್ನು ತೂರಿಸಲು ಪ್ರಯತ್ನಿಸಬೇಕು. ಉದ್ದಕ್ಕೆ, ಅಡ್ಡಕ್ಕೆ, ಎರಡೂ ಕರ್ಣಗಳಿಗೆ ಹೀಗೆ ಪರೀಕ್ಷಿಸಬೇಕು. ಸಣ್ಣ ಪೆಟ್ರೋಲ್ ಎಂಜಿನ್‌ಗಳಿಗೆ ಸಾಮಾನ್ಯವಾಗಿ ಒಪ್ಪಿತವಾದ ಮಿತಿ 0.05 ಮಿ.ಮೀ. ಆಸುಪಾಸು, ಆಯಾ ಕೈಪಿಡಿಯ ಅಂಕಿಯೇ ಅಂತಿಮ. ಜೆರಾಕ್ಸ್ ಕಾಗದದ ಒಂದು ಹಾಳೆ ಸುಮಾರು 0.1 ಮಿ.ಮೀ. ದಪ್ಪವಿರುತ್ತದೆ ಎಂಬುದನ್ನು ನೆನೆದರೆ ಇದೆಷ್ಟು ಸೂಕ್ಷ್ಮ ಎಂದು ತಿಳಿದೀತು. ಕಾಗದದ ಅರ್ಧ ದಪ್ಪದಷ್ಟು ಬಾಗನ್ನು ಕಣ್ಣಳತೆಯಿಂದ 'ಸರಿ ಇದೆ' ಎನ್ನುವವರ ಮಾತನ್ನು ನಂಬುವುದು ಹೇಗೆ? ಅಂಗಡಿಯಲ್ಲಿ ಸಿಗುವ ಶಾಲಾ ಸ್ಕೇಲು ಈ ಕೆಲಸಕ್ಕೆ ಬಾರದು. ಬ್ಲಾಕ್ ಮುಖವನ್ನೂ ಇದೇ ರೀತಿ ನೋಡಬೇಕು.

ಮಿತಿ ಮೀರಿದ್ದರೆ ಮನೆಯ ಕೆಲಸ ಅಲ್ಲಿಗೆ ನಿಲ್ಲುತ್ತದೆ. ಹೆಡ್ ಅನ್ನು ಎಂಜಿನ್ ಲೇಥ್ ಕೆಲಸದ ಅಂಗಡಿಗೆ ಒಯ್ದು ಫೇಸಿಂಗ್ ಮಾಡಿಸಬೇಕು, ಅಂದರೆ ಮುಖವನ್ನು ಯಂತ್ರದಿಂದ ತೆಳುವಾಗಿ ಹೆರೆಸಿ ಸಮತಟ್ಟು ಮಾಡಿಸಬೇಕು. ಮಿತಿಯೊಳಗಿದ್ದರೂ, ಎಂಜಿನ್ ತೀವ್ರವಾಗಿ ಕಾದಿದ್ದ ಪಕ್ಷದಲ್ಲಿ ಅಲ್ಲಿಯೇ ಒತ್ತಡ ಪರೀಕ್ಷೆ ಮಾಡಿಸಿ ಬಿರುಕಿಲ್ಲವೆಂದು ಖಚಿತಪಡಿಸಿಕೊಳ್ಳುವುದು ಒಳಿತು. ವಾಲ್ವ್‌ಗಳು ಸರಿಯಾಗಿ ಕೂರದಿದ್ದರೆ ಅದೇ ವೇಳೆ ಗ್ರೈಂಡಿಂಗ್ ಆಗಿಬಿಡಲಿ. ಆದರೆ ಫೇಸಿಂಗ್‌ಗೂ ಮಿತಿಯಿದೆ. ಹೆಚ್ಚು ಹೆರೆದಷ್ಟೂ ದಹನ ಕೊಠಡಿ ಕಿರಿದಾಗಿ ಎಂಜಿನ್ ಬಡಿಯತೊಡಗುತ್ತದೆ, ಕ್ಯಾಮ್‌ಶಾಫ್ಟ್ ಕೆಳಗಿಳಿದು ಟೈಮಿಂಗ್ ವ್ಯತ್ಯಾಸವಾಗುತ್ತದೆ. ಹಿಂದೆಯೇ ಒಂದೆರಡು ಬಾರಿ ಹೆರೆಸಿದ ಹೆಡ್ ಆಗಿದ್ದಲ್ಲಿ ಬೇರೆ ಹೆಡ್ ಹುಡುಕುವುದೇ ವಾಸಿ. ಹಳೆಯ ಕಾರು ಕೊಂಡವರಿಗೆ ಇದು ಗೊತ್ತಿರುವುದಿಲ್ಲವಾದ್ದರಿಂದ ಒಟ್ಟು ಎತ್ತರವನ್ನು ಅಳೆದು ಕೈಪಿಡಿಗೆ ಹೋಲಿಸುವಂತೆ ಲೇಥ್ ಅಂಗಡಿಯವರನ್ನು ಕೇಳಬೇಕು.

ಜೋಡಣೆ

ಬ್ಲಾಕ್‌ನಲ್ಲಿ ಬೋಲ್ಟ್ ಇಳಿಯುವ ರಂಧ್ರಗಳನ್ನು ನೋಡದೆ ಮುಂದುವರಿಯಬಾರದು. ತಳದಲ್ಲಿ ನೀರೋ ಆಯಿಲ್ಲೋ ನಿಂತಿದ್ದರೆ ಬೋಲ್ಟ್ ಬಿಗಿಯುವಾಗ ಅದಕ್ಕೆ ಹೋಗಲು ದಾರಿಯಿಲ್ಲದೆ ಬ್ಲಾಕೇ ಬಿರಿಯಬಹುದು. ಬಿರಿಯದಿದ್ದರೂ ರೆಂಚ್ ಸುಳ್ಳು ಅಂಕಿ ತೋರಿಸುತ್ತದೆ. ಬಟ್ಟೆ ಸುತ್ತಿದ ಕಡ್ಡಿಯಿಂದ ಒರೆಸಿ, ಬೋಲ್ಟ್‌ಗಳ ಎಳೆಗಳನ್ನೂ ಶುಚಿಗೊಳಿಸಬೇಕು.

ಹೊಸ ಗ್ಯಾಸ್ಕೆಟ್‌ನ ಒಂದು ಬದಿಯಲ್ಲಿ 'ಟಾಪ್' ಎಂದೋ ಬೇರಾವುದೋ ಗುರುತೋ ಇರುತ್ತದೆ. ಅದು ಮೇಲೆ ಬರಬೇಕು. ತಲೆಕೆಳಗಾದರೆ ಆಯಿಲ್ ರಂಧ್ರ ಮುಚ್ಚಿ ಕ್ಯಾಮ್‌ಶಾಫ್ಟಿಗೆ ಎಣ್ಣೆಯೇ ಏರದಿರಬಹುದು. ಕೈಪಿಡಿ ಹೇಳದ ಹೊರತು ಅಂಟು, ಗ್ರೀಸು, ಸಿಲಿಕೋನ್ ಯಾವುದನ್ನೂ ಹಚ್ಚಬಾರದು. ಹಳೆಯ ಗ್ಯಾಸ್ಕೆಟ್ ಚೆನ್ನಾಗಿಯೇ ಕಂಡರೂ ಮತ್ತೆ ಬಳಸುವಂತಿಲ್ಲ.

ಬಿಗಿಯುವ ಕ್ರಮ ಬಿಚ್ಚುವುದಕ್ಕೆ ತದ್ವಿರುದ್ಧ: ನಡುವಿನಿಂದ ಆರಂಭಿಸಿ ಹೊರಕ್ಕೆ, ಕನಿಷ್ಠ ಮೂರು ಸುತ್ತಿನಲ್ಲಿ. ಕೈಪಿಡಿಯಲ್ಲಿ ಉದಾಹರಣೆಗೆ 6 ಕಿಲೋಗ್ರಾಂ-ಮೀಟರ್ ಎಂದಿದ್ದರೆ, ಅರ್ಧ ಮೀಟರ್ ಉದ್ದದ ಹಿಡಿಯ ತುದಿಯಲ್ಲಿ 12 ಕಿಲೋ ಭಾರ ಹಾಕಿದಷ್ಟು ಬಲ ಎಂದರ್ಥ. ಮೊದಲ ಸುತ್ತಿನಲ್ಲಿ 2, ನಂತರ 4, ಕೊನೆಗೆ 6 ಎಂಬಂತೆ ಏರಿಸಬೇಕು. ಕೈಯಂದಾಜಿನಲ್ಲಿ ಬಿಗಿದ ಹೆಡ್‌ನಲ್ಲಿ ಒಂದು ಬೋಲ್ಟ್ 4ಕ್ಕೂ ಇನ್ನೊಂದು 8ಕ್ಕೂ ನಿಂತಿರಬಹುದು. ಬಾಗಲು ಅಷ್ಟು ಸಾಕು. ಹಲವು ಎಂಜಿನ್‌ಗಳ ಬೋಲ್ಟ್‌ಗಳು ಬಿಗಿದಾಗ ಹಿಗ್ಗುವ ಜಾತಿಯವು. ಅವನ್ನು ನಿಗದಿತ ಬಲದ ನಂತರ ಇಂತಿಷ್ಟು ಡಿಗ್ರಿ ತಿರುಗಿಸಬೇಕು, ಪ್ರತಿ ಬಾರಿ ಹೊಸದನ್ನೇ ಹಾಕಬೇಕು.

ಟೈಮಿಂಗ್ ಬೆಲ್ಟ್ ಹಳೆಯದಾಗಿದ್ದರೆ ಬದಲಿಸಲು ಇದಕ್ಕಿಂತ ಒಳ್ಳೆಯ ಸಮಯವಿಲ್ಲ. ಗುರುತುಗಳನ್ನು ಕೂಡಿಸಿ ಬೆಲ್ಟ್ ಹಾಕಿದ ಮೇಲೆ, ಸ್ಟಾರ್ಟರ್ ಮುಟ್ಟದೆ ಸ್ಪ್ಯಾನರಿನಿಂದ ಕ್ರ್ಯಾಂಕ್‌ಶಾಫ್ಟನ್ನು ಎರಡು ಪೂರ್ಣ ಸುತ್ತು ತಿರುಗಿಸಿ ಗುರುತುಗಳು ಮತ್ತೆ ಕೂಡುವುದನ್ನು ನೋಡಬೇಕು. ನಡುವೆ ಎಲ್ಲಾದರೂ ತಡೆದರೆ ಬಲವಂತ ಮಾಡದೆ ಹಿಂದಕ್ಕೆ ಬಂದು ಪರಿಶೀಲಿಸಬೇಕು. ವಾಲ್ವ್ ಪಿಸ್ಟನ್ನಿಗೆ ತಾಗುತ್ತಿರಬಹುದು. ವಾಲ್ವ್ ಕ್ಲಿಯರೆನ್ಸ್ ಹೊಂದಿಸಿ ಉಳಿದುದನ್ನು ಚಿತ್ರ ನೋಡಿಕೊಂಡು ಜೋಡಿಸಿದರಾಯಿತು. ಆಯಿಲ್ ಮತ್ತು ಆಯಿಲ್ ಫಿಲ್ಟರ್ ಹೊಸದಾಗಿಯೇ ಇರಲಿ.

ಕೂಲಂಟ್ ಅನ್ನು ಡಿಸ್ಟಿಲ್ಡ್ ವಾಟರ್ ಜೊತೆ ಡಬ್ಬಿಯ ಮೇಲೆ ಹೇಳಿದ ಪ್ರಮಾಣದಲ್ಲಿ ಬೆರೆಸಿ ತುಂಬಬೇಕು. ಒಳಗೆ ಗಾಳಿ ಸಿಕ್ಕಿಕೊಂಡರೆ ಹೊಸ ಗ್ಯಾಸ್ಕೆಟ್ ಮೊದಲ ದಿನವೇ ಅಪಾಯಕ್ಕೆ ಸಿಲುಕುತ್ತದೆ. ಆದ್ದರಿಂದ ತಣ್ಣಗಿನ ಎಂಜಿನ್ ಚಾಲೂ ಮಾಡಿ, ಮುಚ್ಚಳ ತೆರೆದಿಟ್ಟು, ಗುಳ್ಳೆಗಳು ಹೊರಬಂದು ಮಟ್ಟ ಇಳಿದಂತೆಲ್ಲಾ ತುಂಬುತ್ತಾ, ಬಿಸಿಯೇರುವ ಮುನ್ನ ಮುಚ್ಚಳ ಹಾಕಬೇಕು. ಬಿಸಿಯಾದ ರೇಡಿಯೇಟರಿನ ಮುಚ್ಚಳವನ್ನು ಯಾವ ಕಾರಣಕ್ಕೂ ತೆಗೆಯಬಾರದು. ಒತ್ತಡ ಕಳೆದ ಕ್ಷಣವೇ ಒಳಗಿನ ನೀರು ಕುದಿದು ಮುಖಕ್ಕೆ ಚಿಮ್ಮುತ್ತದೆ. ಇದರಿಂದಾಗುವ ಸುಟ್ಟಗಾಯಗಳು ಘೋರವಾಗಿರುತ್ತವೆ. ಫ್ಯಾನ್ ತಾನಾಗಿ ತಿರುಗಿ ನಿಲ್ಲುವವರೆಗೂ ಕಾದು ನೋಡಬೇಕು. ತಿರುಗದಿದ್ದರೆ, ಗ್ಯಾಸ್ಕೆಟ್ ಸುಟ್ಟಿದ್ದಕ್ಕೆ ಕಾರಣ ಸಿಕ್ಕಂತೆಯೇ. ಫ್ಯಾನ್ ಸರಿಯಿದ್ದಲ್ಲಿ ಥರ್ಮೋಸ್ಟಾಟ್, ಮುಚ್ಚಳ, ಪಂಪ್, ರೇಡಿಯೇಟರ್ ಇವುಗಳಲ್ಲಿ ಯಾವುದು ಕೈಕೊಟ್ಟಿತ್ತು ಎಂದು ತಿಳಿಯುವವರೆಗೆ ಘಾಟಿ ಪ್ರಯಾಣ ಬೇಡ.

ದ್ರವ ಸುರಿದರೆ ವಾಸಿಯೇ?

ರೇಡಿಯೇಟರಿಗೆ ಸುರಿದರೆ ತೂತು ತಾನಾಗಿ ಮುಚ್ಚುತ್ತದೆ ಎನ್ನುವ ದ್ರವಗಳು ಮಾರುಕಟ್ಟೆಯಲ್ಲಿವೆ. ಸಣ್ಣ ಸೋರಿಕೆಯನ್ನು ಅವು ಕೆಲಕಾಲ ತಡೆದಾವು. ಆದರೆ ತೂತು ಮುಚ್ಚುವ ಅದೇ ವಸ್ತು ರೇಡಿಯೇಟರಿನ ಸಣ್ಣ ಕೊಳವೆಗಳನ್ನೂ ಕಟ್ಟಬಲ್ಲದು, ಬಾಗಿದ ಹೆಡ್ ಅನ್ನು ನೇರ ಮಾಡಲಾರದು. ಹಳೆಯ ಕಾರು ಕೊಳ್ಳುವವರು ಇದನ್ನು ಗಮನದಲ್ಲಿಡಬೇಕು. ರೇಡಿಯೇಟರಿನ ಮುಚ್ಚಳದಡಿ ತುಕ್ಕು ಬಣ್ಣದ ಕೆಸರು ಅಥವಾ ಹೊಳೆಯುವ ಕಣಗಳು ಕಂಡರೆ ಮಾರುವವರನ್ನು ಎರಡು ಪ್ರಶ್ನೆ ಹೆಚ್ಚಾಗಿಯೇ ಕೇಳಬಹುದು.

ಕೆಲಸ ಮುಗಿದ ಮೇಲೆ ಬಕೆಟ್ಟಿನಲ್ಲಿ ಉಳಿಯುವ ಹಳೆಯ ಕೂಲಂಟ್ ಅನ್ನು ಅಂಗಳದಲ್ಲಿ ಬಿಡುವಂತಿಲ್ಲ. ಅದರಲ್ಲಿನ ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿಯಾದ ವಿಷ. ನಾಯಿ, ಬೆಕ್ಕು ನೆಕ್ಕಿದರೆ ಮೂತ್ರಪಿಂಡ ವಿಫಲವಾಗಿ ಸಾಯುತ್ತವೆ, ಮಕ್ಕಳಿಗೂ ಅಪಾಯ. ಚರಂಡಿಗೂ ಗಿಡದ ಬುಡಕ್ಕೂ ಸುರಿಯದೆ, ಮುಚ್ಚಳವಿರುವ ಕ್ಯಾನಿಗೆ ತುಂಬಿ ಹೆಸರು ಬರೆದು, ಹಳೆಯ ಆಯಿಲ್ ಇರುವ ಕ್ಯಾನಿನ ಜೊತೆ ಅವನ್ನು ವಿಲೇವಾರಿಗೆ ತೆಗೆದುಕೊಳ್ಳುವ ಸರ್ವಿಸ್ ಸೆಂಟರಿಗೆ ತಲುಪಿಸಬೇಕು. ಮೊದಲ ವಾರ ಪ್ರತಿದಿನ ಬೆಳಗ್ಗೆ ತಣ್ಣಗಿರುವಾಗ ಕೂಲಂಟ್ ಮಟ್ಟವನ್ನೂ ಡಿಪ್‌ಸ್ಟಿಕ್ಕಿನ ಬಣ್ಣವನ್ನೂ ನೋಡುತ್ತಿರಬೇಕು. ಹೆಡ್ ಬೋಲ್ಟ್‌ಗಳನ್ನು ಮತ್ತೊಮ್ಮೆ ಬಿಗಿಯಬೇಕೇ ಬೇಡವೇ ಎಂಬುದು ಗ್ಯಾಸ್ಕೆಟ್‌ನ ಜಾತಿಗೆ ತಕ್ಕಂತೆ ಬದಲಾಗುವುದರಿಂದ ಪೊಟ್ಟಣದ ಮೇಲಿನ ಸೂಚನೆಯನ್ನು ಹರಿದೆಸೆಯದೆ ಇಟ್ಟುಕೊಳ್ಳುವುದು ಒಳ್ಳೆಯದು.